ಸಜ್ದಾದಲ್ಲೂ ತಲೆಯೆತ್ತುವ ‘ನಾನು’

‘ನಾನು ಮೇಲು’ ಎಂಬ ಮಾತನ್ನು ಮೊಟ್ಟಮೊದಲು ಆಡಿದವನು ಒಬ್ಬ ಆರಾಧಕ. ಇಬ್ಲೀಸನನ್ನು ನಾವು ಶೈತಾನನೆಂದು ಬೈದು ಮುಗಿಸಿಬಿಡುತ್ತೇವೆ. ಆದರೆ ಆ ಶಾಪ ತಟ್ಟುವುದಕ್ಕೆ ಮುಂಚೆ ಅವನು ಮಲಕ್‌ಗಳ ನಡುವೆ ಇದ್ದು ಆರಾಧಿಸುತ್ತಿದ್ದವನೆಂದು ನಮ್ಮ ಮುಫಸ್ಸಿರರು ಬರೆದಿದ್ದಾರೆ. ಆದಮರಿಗೆ(ಅ) ಸಜ್ದಾ ಮಾಡಬೇಕೆಂಬ ಆಜ್ಞೆ ಬಂದಾಗ ಅವನು ಆಜ್ಞೆಯ ಕಡೆಗೆ ನೋಡಲಿಲ್ಲ, ತನ್ನ ಹುಟ್ಟಿನ ಕಡೆಗೆ ನೋಡಿಕೊಂಡ. ಬೆಂಕಿಯನ್ನೂ ಮಣ್ಣನ್ನೂ ತಕ್ಕಡಿಗೆ ಹಾಕಿದ (ಅಲ್-ಆರಾಫ್ 7:12). ಹೊರದೂಡಲ್ಪಟ್ಟ ಮೇಲೂ ಕ್ಷಮೆ ಕೇಳದೆ, ಜನರು ಪುನಃ ಎಬ್ಬಿಸಲ್ಪಡುವ ದಿನದವರೆಗೆ ಕಾಲಾವಕಾಶ ಕೇಳಿದ. ಹಿಂದಕ್ಕೆ ಹೋದ, ಮುಂದಕ್ಕೆ ಹೋದ. ತನ್ನ ಒಡೆಯನ ಸನ್ನಿಧಿಯಲ್ಲಿ ನಿಂತಿದ್ದ ಆ ಒಂದು ಗಳಿಗೆಯಲ್ಲಿ ಮಾತ್ರ ಅವನು ಇರಲಿಲ್ಲ. ಆದಮರೂ(ಅ) ಹವ್ವಾರೂ(ಅ) ತಪ್ಪಿದರು. ಆದರೆ ಅವರು ಹುಟ್ಟಿನ ಮಾತೆತ್ತಲಿಲ್ಲ, ಕಾಲಾವಕಾಶ ಬೇಡಲಿಲ್ಲ. ನಿಂತಲ್ಲೇ ನಿಂತು, ನಮ್ಮ ಮೇಲೆ ನಾವೇ ಅನ್ಯಾಯ ಮಾಡಿಕೊಂಡೆವೆಂದು ಒಪ್ಪಿಕೊಂಡರು.

ಆರಾಧನೆ ಹೆಚ್ಚಿಸಿಕೊಳ್ಳಿ, ಅಹಂಕಾರ ತಾನಾಗಿ ಕರಗುತ್ತದೆ ಎಂಬ ಮಾತನ್ನು ನಮ್ಮ ಪ್ರವಚನಗಳಲ್ಲಿ ಪದೇಪದೇ ಕೇಳುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ಆರಾಧನೆ ಹೆಚ್ಚಿದಂತೆ ಅಹಂಕಾರವೂ ಕೊಬ್ಬಿದ ಉದಾಹರಣೆಗಳು ಇಬ್ಲೀಸನಿಂದ ಹಿಡಿದು ನಮ್ಮ ಮೊಹಲ್ಲಾಗಳವರೆಗೆ ಬೇಕಾದಷ್ಟಿವೆ. ನಫ್ಸ್ ಬಹಳ ಜಾಣ. ಸಿನಿಮಾ ಬಿಡಿಸಿದರೆ ಅದು ನಾತ್ ಕಾರ್ಯಕ್ರಮದ ವೇದಿಕೆಯೇರುತ್ತದೆ. ಇಸ್ಪೀಟು ಬಿಡಿಸಿದರೆ ಮಸೀದಿ ಕಮಿಟಿಯ ಅಧ್ಯಕ್ಷಗಿರಿಗೆ ನಿಲ್ಲುತ್ತದೆ. ಅದಕ್ಕೆ ಬದುಕಲು ಬೇಕಾದ ಆಹಾರ ಒಂದೇ, ನೋಡುವವರ ಕಣ್ಣು. ಎಷ್ಟು ರಕಅತ್, ಎಷ್ಟು ಖತಂ, ಎಷ್ಟು ಉಮ್ರಾ ಎಂಬ ಲೆಕ್ಕದಿಂದ ಆ ಆಹಾರ ನಿಲ್ಲುವುದಿಲ್ಲ; ಲೆಕ್ಕವೇ ಅದರ ಊಟ. ಅದು ಉಪವಾಸ ಬೀಳುವುದು ಒಂದೇ ಕಡೆ: ಅಲ್ಲಾಹನ ಮುಂದೆ ನಿಂತವನು ನಿಂತ ಗಳಿಗೆಯಲ್ಲಿ ಅಲ್ಲೇ ಇದ್ದಾಗ. ಅಲ್ಲೇ ಇರುವವನಿಗೆ ಎರಡನೆಯ ಪ್ರೇಕ್ಷಕನ ನೆನಪು ಬಾರದು. ನೆನಪು ಬಂತೆಂದರೆ, ಅವನ ದೇಹ ಸಫ್‌ನಲ್ಲಿದ್ದರೂ ಅವನು ಎದ್ದುಹೋಗಿದ್ದಾನೆ.

ಇದು ನನ್ನ ಸ್ವಂತ ಕಲ್ಪನೆಯಾಗಿದ್ದರೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಮಕ್ಕಳು ಕೂಡ ಬಾಯಿಪಾಠ ಬಲ್ಲ ‘ಅಲ್-ಮಾಊನ್’ ಅಧ್ಯಾಯದ ಕೊನೆಯ ನಾಲ್ಕು ವಚನಗಳನ್ನು (107:4-7) ಅರ್ಥವಿಟ್ಟು ಓದಿ ನೋಡಿ. ನಮಾಝ್ ಮಾಡುವವರಲ್ಲೇ ಕೆಲವರಿಗೆ ಅಲ್ಲಿ ವಿನಾಶದ ಎಚ್ಚರಿಕೆಯಿದೆ. ನಮಾಝ್ ಬಿಟ್ಟವರ ಮಾತು ಅಲ್ಲಿಲ್ಲ. ಅವರ ಗುರುತು ಮೂರು: ತಮ್ಮ ನಮಾಝಿನ ಪರಿವೆಯೇ ಇಲ್ಲದವರು, ತೋರಿಕೆಗಾಗಿ ಮಾಡುವವರು, ನೆರೆಯವರಿಗೆ ಸಣ್ಣಪುಟ್ಟ ವಸ್ತುವನ್ನೂ ಕೊಡದವರು. ಮೂರನ್ನೂ ಒಂದೇ ಉಸಿರಿನಲ್ಲಿ ಏಕೆ ಹೇಳಲಾಯಿತು? ಮನಸ್ಸು ಆ ಗಳಿಗೆಯಲ್ಲಿಲ್ಲ, ಆದ್ದರಿಂದ ಅದು ನೋಡುವವರನ್ನು ಹುಡುಕುತ್ತದೆ. ನೋಡುವವರನ್ನು ಹುಡುಕುವವನಿಗೆ ಪಕ್ಕದ ಮನೆಯ ಖಾಲಿ ಪಾತ್ರೆ ಕಾಣುವುದಿಲ್ಲ. ಇದು ಮೂರು ರೋಗವಲ್ಲ, ಒಂದೇ ರೋಗದ ಮೂರು ಮಜಲು ಎಂಬುದು ನನ್ನ ತಿಳಿವಳಿಕೆ.

ಬಳ್ಳಾರಿ ಗುಡ್ಡದ ಕೋಟೆಯ ಬಗ್ಗೆ ನಮ್ಮಲ್ಲಿ ಒಂದು ಕತೆ ಚಾಲ್ತಿಯಲ್ಲಿದೆ. ಹೈದರ್ ಅಲಿಯವರು ಕೋಟೆಯನ್ನು ಬಲಪಡಿಸಲು ಒಬ್ಬ ಫ್ರೆಂಚ್ ಇಂಜಿನಿಯರನನ್ನು ನೇಮಿಸಿದರಂತೆ. ಗೋಡೆ, ಬುರುಜು, ಕಂದಕ ಎಲ್ಲ ಆಯಿತು. ಆಮೇಲೆ ಪಕ್ಕದ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವೆಂದೂ ಅಲ್ಲಿಂದ ಕೋಟೆಯ ಮೇಲೆ ಗುಂಡು ಹಾರಿಸಬಹುದೆಂದೂ ತಿಳಿದು, ಇಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಪೂರ್ವ ಬಾಗಿಲ ಬಳಿಯ ಗೋರಿ ಅವನದೆಂದು ಕೆಲವರು, ಯಾರೋ ಒಬ್ಬ ವಲಿಯದೆಂದು ಇನ್ನು ಕೆಲವರು ಹೇಳುತ್ತಾರೆ. ಕತೆಯ ಸತ್ಯಾಸತ್ಯವನ್ನು ಇತಿಹಾಸಕಾರರು ನೋಡಿಕೊಳ್ಳಲಿ. ನನಗೆ ಬೇಕಾದದ್ದು ಇಷ್ಟೇ: ಕುಂಬಾರ ಗುಡ್ಡ ರಾತ್ರೋರಾತ್ರಿ ಬೆಳೆದದ್ದಲ್ಲ. ಅದು ಎಲ್ಲರ ಕಣ್ಣೆದುರಿಗೇ ಇತ್ತು. ತನ್ನ ಎತ್ತರವನ್ನು ಕಟ್ಟುವುದರಲ್ಲಿ ಮುಳುಗಿದವರಿಗೆ ಮಾತ್ರ ಕಾಣಲಿಲ್ಲ. ನಮ್ಮ ಇಬಾದತ್ತಿನ ಕೋಟೆಗಳ ಕತೆಯೂ ಹೀಗೆಯೇ ಆಗಿದೆ.

ಯಾವುದಾದರೂ ಮಸೀದಿಗೆ ಹೋಗಿ ತಲೆಯೆತ್ತಿ ನೋಡಿ. ಫ್ಯಾನಿನ ರೆಕ್ಕೆಗಳ ಮೇಲೆ ದಾನಿಯ ಹೆಸರಿದೆ. ಆ ಫ್ಯಾನು ತಿರುಗುತ್ತಿರುವಾಗ ಹೆಸರು ಕಾಣುವುದಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಕರೆಂಟು ಹೋಗಿ, ಜನ ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡಿದಾಗ ಮಾತ್ರ ಸ್ಪಷ್ಟವಾಗಿ ಓದಬಹುದು! ಗಡಿಯಾರದ ಮೇಲೆ ಹೆಸರು, ವುಝೂವಿನ ನಲ್ಲಿಯ ಮೇಲಿನ ಗೋಡೆಯಲ್ಲಿ ಹೆಸರು. ಜನಾಝಾ ಹೊರುವ ಮಂಚದ ಮೇಲೆ ಕೂಡ ಹೆಸರು ಬರೆಸಿದ್ದನ್ನು ಕಂಡಿದ್ದೇನೆ. ಅದರ ಮೇಲೆ ಮಲಗಿದವನಿಗೆ ಓದಲು ಬಾರದು, ಹೊತ್ತವರಿಗೆ ಪುರಸೊತ್ತಿಲ್ಲ. ಹಜ್ಜ್ ಮಾಡಿ ಬಂದವರು ಅಂಗಡಿಯ ಬೋರ್ಡಿನಲ್ಲಿ ‘ಹಾಜಿ’ ಎಂದು ಬರೆಸುತ್ತಾರೆ. ದಿನಕ್ಕೆ ಐದು ಬಾರಿ ಮಾಡುವ ನಮಾಝಿಗೆ ಯಾರೂ ಬೋರ್ಡು ಬರೆಸುವುದಿಲ್ಲ, ಏಕೆಂದರೆ ಅದು ಅಗ್ಗ. ಇದರಲ್ಲಿ ನಮ್ಮ ಮೌಲಾನಾಗಳೇನೂ ಹಿಂದೆ ಬಿದ್ದಿಲ್ಲ. ಜಲ್ಸಾದ ಪೋಸ್ಟರಿನಲ್ಲಿ ಹೆಸರಿನ ಹಿಂದೆಮುಂದೆ ಎರಡು ಸಾಲು ಬಿರುದುಗಳು; ತನ್ನ ಫೋಟೋ ಇನ್ನೊಬ್ಬರದಕ್ಕಿಂತ ಚಿಕ್ಕದಾಯಿತೆಂದು ಮುನಿಸಿಕೊಂಡು ಬಾರದೆ ಹೋದವರೂ ಇದ್ದಾರೆ. ಅಂದಿನ ಭಾಷಣದ ವಿಷಯ ವಿನಯವಾಗಿತ್ತೇ ಎಂದು ಕೇಳಬೇಡಿ.

ಸಫ್ ಎಂಬ ವ್ಯವಸ್ಥೆಯ ಬೆರಗನ್ನು ನಾವು ಮರೆತಿದ್ದೇವೆ. ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕನೂ ಅದೇ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿಯೂ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಸ್ಥಳ ಇಡೀ ಊರಿನಲ್ಲಿ ಇದೊಂದೇ. ಅಲ್ಲಿಯೂ ಮೊದಲ ಸಾಲಿನಲ್ಲಿ, ಇಮಾಮರ ಬೆನ್ನಿಗೆ ಸರಿಯಾಗಿ, ಒಬ್ಬರ ಮುಸಲ್ಲಾ ಮೊದಲೇ ಹಾಸಿರುತ್ತದೆ. ತಡವಾಗಿ ಬಂದರೂ ಆ ಜಾಗ ಅವರದೇ. ಬೇಗ ಬಂದ ಹಮಾಲಿ ಅಲ್ಲಿ ನಿಂತರೆ ಯಾರೋ ತೋಳು ಹಿಡಿದು ಮೆಲ್ಲಗೆ ಸರಿಸುತ್ತಾರೆ. ತಕ್ಬೀರ್ ಹೇಳುವ ಮೊದಲೇ ಒಬ್ಬನ ನಮಾಝ್ ಕೆಟ್ಟಿತು. ಯಾರದೆಂದು ನೀವೇ ಊಹಿಸಿ.

ಹೆಸರು, ಬೋರ್ಡು, ಮುಸಲ್ಲಾಗಳ ಮಟ್ಟಿಗೆ ನಕ್ಕು ಸುಮ್ಮನಾಗಬಹುದು. ರಮಝಾನಿನ ಕಿಟ್‌ಗಳ ಮಾತು ಹಾಗಲ್ಲ. ನಮ್ಮ ಜಿಲ್ಲೆಯಲ್ಲಿ ರಮಝಾನ್ ಬಂತೆಂದರೆ ಅಕ್ಕಿ, ಬೇಳೆ, ಎಣ್ಣೆ, ಖರ್ಜೂರಗಳ ಚೀಲ ಹಂಚುವ ಒಳ್ಳೆಯ ರೂಢಿ ಬೆಳೆದಿದೆ. ಅಲ್ಲಾಹನು ಕೊಟ್ಟವರಿಗೆ ಬರಕತ್ ನೀಡಲಿ. ಆದರೆ ಚೀಲದ ಜೊತೆಗೆ ಒಂದು ಬ್ಯಾನರ್ ಬರುತ್ತದೆ. ಬ್ಯಾನರಿನ ಮುಂದೆ ಏಳೆಂಟು ಜನ ಗಂಡಸರು ಒಂದೇ ಚೀಲಕ್ಕೆ ಕೈಹಚ್ಚಿ ನಿಲ್ಲುತ್ತಾರೆ. ಇನ್ನೊಂದು ತುದಿಯಲ್ಲಿ ಬುರ್ಖಾ ತೊಟ್ಟ ಒಬ್ಬ ಹೆಂಗಸು. ‘ಮೇಡಂ, ಸ್ವಲ್ಪ ಈ ಕಡೆ ನೋಡಿ’ ಎನ್ನುತ್ತಾನೆ ಮೊಬೈಲ್ ಹಿಡಿದವನು. ಆಕೆ ನೋಡುತ್ತಾಳೆ. ಮಗರಿಬ್ ಆಗುವಷ್ಟರಲ್ಲಿ ಆ ಚಿತ್ರ ಊರಿನ ಎಲ್ಲ ಗುಂಪುಗಳಲ್ಲಿ ಹರಿದಾಡುತ್ತಿರುತ್ತದೆ.

ನನ್ನ ಬಳಿ ಓದುತ್ತಿದ್ದ ಒಬ್ಬ ಹುಡುಗ ರಮಝಾನಿನ ಎರಡನೆಯ ವಾರದಲ್ಲಿ ಪಾಠಕ್ಕೆ ಬರುವುದನ್ನು ನಿಲ್ಲಿಸಿದ. ಊರಿನ ಹೆಸರು ಹೇಳುವುದಿಲ್ಲ. ತಂದೆ ತೀರಿಹೋಗಿದ್ದಾರೆ, ತಾಯಿ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸವನ್ನು ಮನೆಗೆ ತಂದು, ತುಂಡಿಗೆ ಇಷ್ಟು ಎಂಬ ಕೂಲಿಯಲ್ಲಿ ಮಕ್ಕಳನ್ನು ಸಾಕುತ್ತಿದ್ದಾರೆ. ನಾಲ್ಕು ದಿನ ಕಾದು ಮನೆಗೆ ಹೋದೆ. ಹುಡುಗ ಬಾಗಿಲ ಹಿಂದಿನಿಂದಲೇ ಮಾತನಾಡಿದ. ಅಮ್ಮಿ ಚೀಲ ಹಿಡಿದು ನಿಂತ ಫೋಟೋವನ್ನು ಜೊತೆಯ ಹುಡುಗರು ಮೊಬೈಲಿನಲ್ಲಿ ತೋರಿಸಿ, ‘ನಿಮ್ಮಮ್ಮಿ ಫೇಮಸ್ ಆಗ್ಯಾಳ’ ಎಂದಿದ್ದರು. ತಾಯಿ ನನಗೆ ಹೇಳಿದ್ದು ಇಷ್ಟು: ‘ಹಝ್ರತ್, ಮುಂದಿನ ವರ್ಷ ನಮ್ಮ ಹೆಸರು ಲಿಸ್ಟಿನಲ್ಲಿ ಬರೆಸಬೇಡಿ. ಗಂಜಿ ಕುಡಿದು ರೋಝಾ ಹಿಡೀತೀವಿ.’ ಆ ಚೀಲದಲ್ಲಿ ಎಷ್ಟು ಕಿಲೋ ಅಕ್ಕಿ ಇತ್ತೋ ಗೊತ್ತಿಲ್ಲ. ಆ ಹುಡುಗ ಕಳೆದುಕೊಂಡದ್ದನ್ನು ತೂಗುವ ತಕ್ಕಡಿ ನಮ್ಮ ಊರಿನಲ್ಲಿಲ್ಲ.

ಈ ವಿಷಯವನ್ನು ಹಂಚಿದವರ ಮುಂದೆ ಇಟ್ಟಾಗ ಬಂದ ಉತ್ತರಗಳು ಎರಡು. ಎರಡನ್ನೂ ನ್ಯಾಯವಾಗಿಯೇ ಪರಿಶೀಲಿಸೋಣ.

ಮೊದಲನೆಯದು, ‘ದುಡ್ಡು ಕೊಟ್ಟವರು ಲೆಕ್ಕ ಕೇಳುತ್ತಾರೆ, ಫೋಟೋ ಹಾಕದಿದ್ದರೆ ತಿಂದರು ಅನ್ನುತ್ತಾರೆ.’ ಲೆಕ್ಕ ಕೇಳುವುದು ಅವರ ಹಕ್ಕು. ಆದರೆ ಲೆಕ್ಕ ಎಂದರೆ ಅಂಗಡಿಯ ಬಿಲ್ಲು, ಚೀಲಗಳ ಸಂಖ್ಯೆ, ಒಂದು ಚೀಲದ ಬೆಲೆ, ಉಳಿದ ಹಣ. ಇವನ್ನು ಒಂದು ಕಾಗದದಲ್ಲಿ ಬರೆದು ಜುಮಾ ದಿನ ಮಸೀದಿಯ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಮುಗಿಯಿತು. ವಿಧವೆಯ ಮುಖ ರಸೀದಿಯಲ್ಲ. ಅಷ್ಟಕ್ಕೂ ಫೋಟೋದಿಂದ ಯಾವ ಲೆಕ್ಕ ಸಿಗುತ್ತದೆ? ನೂರು ಚೀಲ ಹಂಚಿದವನೂ ಹತ್ತು ಚೀಲ ಹಂಚಿದವನೂ ತೆಗೆಸಿಕೊಳ್ಳುವುದು ಒಂದೇ ಬಗೆಯ ಫೋಟೋ.

ಎರಡನೆಯದು ಸ್ವಲ್ಪ ತೂಕದ ಮಾತು: ‘ಇದರಿಂದ ಬೇರೆಯವರಿಗೆ ತರ್ಗೀಬ್ ಸಿಗುತ್ತದೆ, ನೋಡಿ ಅವರೂ ಕೊಡುತ್ತಾರೆ.’ ಬಹಿರಂಗವಾಗಿ ದಾನ ಕೊಡುವುದು ಒಳ್ಳೆಯದೇ, ಗುಪ್ತವಾಗಿ ಬಡವರಿಗೆ ತಲುಪಿಸುವುದು ಇನ್ನೂ ಒಳ್ಳೆಯದು ಎಂಬ ಅರ್ಥದ ವಚನ ಅಲ್-ಬಕರದಲ್ಲಿದೆ (2:271). ಕೆಲವರು ಸಹೀಹ್ ಮುಸ್ಲಿಮಿನ ಪ್ರಸಿದ್ಧ ಹದೀಸನ್ನೂ ಎತ್ತುತ್ತಾರೆ. ಮುದರ್ ಕಬೀಲೆಯ ಜನ ಬರಿಗಾಲಿನಲ್ಲಿ, ಹರಿದ ಕಂಬಳಿ ಹೊದ್ದು ಮದೀನಾಕ್ಕೆ ಬಂದರು. ಅವರ ಬಡತನವನ್ನು ಕಂಡು ಪ್ರವಾದಿವರ್ಯರ(ಸ) ಮುಖದ ಬಣ್ಣ ಬದಲಾಯಿತು. ಅವರು ದಾನಕ್ಕೆ ಕರೆಕೊಟ್ಟಾಗ ಅನ್ಸಾರರಲ್ಲೊಬ್ಬರು ಕೈಯಲ್ಲಿ ಹಿಡಿಯಲಾರದಷ್ಟು ಭಾರದ ಥೈಲಿಯನ್ನು ತಂದರು. ಅವರನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ತಂದು, ಧಾನ್ಯ ಮತ್ತು ಬಟ್ಟೆಗಳ ರಾಶಿಯೇ ಆಯಿತು. ಒಳ್ಳೆಯ ರೂಢಿಯನ್ನು ಆರಂಭಿಸಿದವನಿಗೆ ಅನುಸರಿಸಿದವರ ಪುಣ್ಯವೂ ಸಿಗುತ್ತದೆಂದು ಪ್ರವಾದಿವರ್ಯರು(ಸ) ಹೇಳಿದ್ದು ಆ ಸಂದರ್ಭದಲ್ಲೇ. ಸರಿ. ಆ ಥೈಲಿ ತಂದವರ ಹೆಸರೇನು? ಆ ಹದೀಸಿನಲ್ಲಿ ಹೆಸರಿಲ್ಲ. ‘ಅನ್ಸಾರರಲ್ಲೊಬ್ಬರು’ ಎಂದಷ್ಟೇ ಇದೆ. ಸಾವಿರದ ನಾನೂರು ವರ್ಷಗಳಿಂದ ತರ್ಗೀಬ್ ಕೊಡುತ್ತಿರುವ ಆ ದಾನಿಗೆ ಬ್ಯಾನರ್ ಬೇಕಾಗಲಿಲ್ಲ. ಅಲ್ಲಿ ಎಲ್ಲರ ಕಣ್ಣು ಹಸಿದವರ ಮೇಲಿತ್ತು, ಮರುಕದಿಂದ. ಇಲ್ಲಿ ಕ್ಯಾಮೆರಾದ ಕಣ್ಣೂ ಹಸಿದವರ ಮೇಲಿದೆ, ಕೊಟ್ಟವರನ್ನು ದೊಡ್ಡದಾಗಿ ತೋರಿಸುವುದಕ್ಕಾಗಿ.

ಪ್ರವಾದಿವರ್ಯರ(ಸ) ಮನೆತನದಲ್ಲೇ ಇನ್ನೊಂದು ಮಾದರಿಯಿದೆ. ಇಮಾಮ್ ಹುಸೈನರ(ರ) ಮಗ ಝೈನುಲ್ ಆಬಿದೀನರ ಕಾಲದಲ್ಲಿ ಮದೀನಾದ ಎಷ್ಟೋ ಬಡ ಮನೆಗಳಿಗೆ ರಾತ್ರಿ ಹೊತ್ತು ಆಹಾರ ಬರುತ್ತಿತ್ತು; ತರುವವರು ಯಾರೆಂದು ತಿಳಿದಿರಲಿಲ್ಲ. ಅವರು ತೀರಿಕೊಂಡಾಗ ಆಹಾರ ನಿಂತಿತು. ಮಯ್ಯತ್ತಿಗೆ ಸ್ನಾನ ಮಾಡಿಸಿದವರು ಬೆನ್ನಿನ ಮೇಲೆ ಚೀಲ ಹೊತ್ತ ಕಲೆಗಳನ್ನು ಕಂಡರು. ‘ಝೈನುಲ್ ಆಬಿದೀನ್’ ಎಂದರೆ ಆರಾಧಕರ ಆಭರಣ. ಆ ಬಿರುದನ್ನು ಅವರು ಪೋಸ್ಟರಿನಲ್ಲಿ ಹಾಕಿಸಿಕೊಂಡಿರಲಿಲ್ಲ.

ಈಗ ಇದರ ಬೇರಿಗೆ ಬರೋಣ. ಕಿಟ್ ಹಂಚುವಾಗ ಕ್ಯಾಮೆರಾ ಹಿಡಿಯುವ ಕೈ, ನಮಾಝಿಗೆ ಕಟ್ಟುವ ಅದೇ ಕೈ. ನಮಾಝಿನಲ್ಲಿ ನಿಲ್ಲುವುದನ್ನು ಕಲಿಯದವನು ಬಡವನ ಮುಂದೆ ನಿಲ್ಲುವುದನ್ನೂ ಕಲಿಯಲಾರ. ಅಬೂ ಜಹ್ಮ್(ರ) ಎಂಬ ಸಹಾಬಿಯೊಬ್ಬರು ಪ್ರವಾದಿವರ್ಯರಿಗೆ(ಸ) ಚಿತ್ತಾರದ ಅಂಚಿದ್ದ ಒಂದು ಹೊದಿಕೆಯನ್ನು ಕೊಟ್ಟಿದ್ದರು. ಅದನ್ನು ಹೊದ್ದು ನಮಾಝ್ ಮಾಡಿದಾಗ ಒಮ್ಮೆ ಕಣ್ಣು ಚಿತ್ತಾರದ ಕಡೆ ಹೋಯಿತು. ನಮಾಝ್ ಮುಗಿದೊಡನೆ ಅದನ್ನು ಹಿಂದಿರುಗಿಸಿ, ಬದಲಿಗೆ ಅಬೂ ಜಹ್ಮರ ಬಳಿಯಿದ್ದ ಸಾದಾ ಹೊದಿಕೆಯನ್ನು ತರಿಸಿಕೊಂಡರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ವರದಿಯಿದು. ಕೊಟ್ಟವರ ಮನಸ್ಸು ನೋಯದಿರಲೆಂದು ಬೇರೊಂದನ್ನು ಕೇಳಿ ಪಡೆದ ಸೌಜನ್ಯವನ್ನು ಗಮನಿಸಿ. ಒಂದು ನೋಟವನ್ನು ಕಸಿದುಕೊಂಡ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳದ ಕಟ್ಟುನಿಟ್ಟನ್ನೂ ಗಮನಿಸಿ. ಇತ್ತ ನಮ್ಮ ಸಫ್‌ಗಳಲ್ಲಿ ಸಜ್ದಾದ ಜಾಗದ ಪಕ್ಕದಲ್ಲೇ ಮೊಬೈಲು ಅಂಗಾತ ಮಲಗಿರುತ್ತದೆ. ಅದು ಬೆಳಗಿದಾಗಲೆಲ್ಲ ಕಣ್ಣು ಅತ್ತ ಹೋಗುತ್ತದೆ. ಸಲಾಮ್ ಕೊಟ್ಟ ಮರುಕ್ಷಣ, ‘ಅಸ್ತಗ್‌ಫಿರುಲ್ಲಾಹ್’ ಹೇಳುವ ಮೊದಲೇ, ಬೆರಳು ಅದರ ಮೇಲಿರುತ್ತದೆ.

ನಮಾಝಿನ ರಚನೆಯನ್ನು ಯೋಚಿಸಿ ನೋಡಿದರೆ ಅದು ಮನುಷ್ಯನನ್ನು ಈ ಗಳಿಗೆಗೆ ಎಳೆದು ತರುವುದಕ್ಕೆಂದೇ ಮಾಡಿದ ಹಾಗಿದೆ. ಅದಕ್ಕೆ ಹೊತ್ತು ಗೊತ್ತುಮಾಡಲಾಗಿದೆ. ನಿನ್ನೆಯ ಅಸರನ್ನು ನಿನ್ನೆಯೇ, ಇಂದಿನದನ್ನು ಇಂದೇ ಮಾಡಬೇಕು. ತಕ್ಬೀರೆ ತಹ್ರೀಮಾದೊಂದಿಗೆ ಮಾತು, ಊಟ, ವ್ಯಾಪಾರ ಎಲ್ಲವೂ ನಿಷಿದ್ಧ. ಕಣ್ಣು ಸಜ್ದಾದ ಜಾಗದ ಮೇಲಿರಬೇಕೆಂದು ಫಿಕ್‌ಹ್ ಹೇಳುತ್ತದೆ. ಪಕ್ಕದವನ ಉದ್ದನೆಯ ರುಕೂವನ್ನು ಅಳೆಯುವಂತಿಲ್ಲ. ಕೊನೆಗೆ ಸಜ್ದಾ. ದೇಹದಲ್ಲಿ ಎಲ್ಲಕ್ಕಿಂತ ಮೇಲಿರುವ ಹಣೆ ನೆಲಕ್ಕೆ. ಆ ಸ್ಥಿತಿಯಲ್ಲಿ ನಿಮಗೆ ಯಾರೂ ಕಾಣುವುದಿಲ್ಲ. ಯಾರು ನಿಮ್ಮನ್ನು ನೋಡುತ್ತಿದ್ದಾರೆ ಎಂಬುದೂ ಕಾಣುವುದಿಲ್ಲ. ದಾಸನು ತನ್ನ ಒಡೆಯನಿಗೆ ಅತ್ಯಂತ ಸಮೀಪವಿರುವುದು ಆಗಲೇ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಇಹ್ಸಾನ್ ಎಂದರೇನೆಂದು ಜಿಬ್ರೀಲರು(ಅ) ಕೇಳಿದಾಗ ಕೊಟ್ಟ ಉತ್ತರದ ಸಾರವೂ ಇದೇ: ಅಲ್ಲಾಹನನ್ನು ಕಾಣುತ್ತಿರುವಂತೆ ಆರಾಧಿಸುವುದು, ನಾವು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆ. ನೋಡುವವನು ಒಬ್ಬನಿದ್ದಾನೆ, ಅವನಿಗೆ ಇಷ್ಟು ಸಾಕು. ಉಳಿದ ಪ್ರೇಕ್ಷಕರನ್ನು ಕರೆತಂದವರು ನಾವು.

ಕನ್ನಡಕ್ಕೆ ಒಂದು ಭಾಗ್ಯವಿದೆ. ವ್ಯಾಸರಾಯರ ಸಭೆಯಲ್ಲಿ ವೈಕುಂಠಕ್ಕೆ ಯಾರು ಹೋಗುವರೆಂಬ ಪ್ರಶ್ನೆ ಬಂದಾಗ ಕನಕದಾಸರು ‘ನಾನು’ ಎಂಬುದು ಹೋದರೆ ತಾನು ಹೋಗಬಹುದು ಎಂಬಂತೆ ಉತ್ತರಿಸಿದ ಕತೆಯನ್ನು ಬಿ.ಎ. ತರಗತಿಯಲ್ಲಿ ಮೊದಲ ಬಾರಿ ಕೇಳಿದಾಗ, ಮದ್ರಸಾದಲ್ಲಿ ಓದಿದ ‘ಫನಾ’ ಎಂಬ ಪದ ನನಗೆ ತಟ್ಟನೆ ಕನ್ನಡದಲ್ಲಿ ಅರ್ಥವಾಯಿತು. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ರೋಗ ಮಾತ್ರ ಒಂದೇ ಆದದ್ದರಿಂದ ಈ ಮಾತು ನೆನಪಾಯಿತು.

ಇತ್ತೀಚೆಗೆ ನಮ್ಮ ಓದಿದ ಹುಡುಗರು ‘ಈ ಕ್ಷಣದಲ್ಲಿ ಬದುಕುವುದು’ ಎಂಬುದನ್ನು ಮೊಬೈಲ್ ಆ್ಯಪ್‌ಗಳಿಂದ, ತರಬೇತಿ ಶಿಬಿರಗಳಿಂದ ಹಣ ಕೊಟ್ಟು ಕಲಿಯುತ್ತಿದ್ದಾರೆ. ಉಸಿರನ್ನು ಗಮನಿಸಿ ಮನಸ್ಸು ಶಾಂತವಾಗುವುದಾದರೆ ನನ್ನ ತಕರಾರಿಲ್ಲ. ಆದರೆ ಈ ಕ್ಷಣದಲ್ಲಿ ಇರುವುದು ಯಾರ ಮುಂದೆ ಎಂಬ ಪ್ರಶ್ನೆಯನ್ನು ಆ ಆ್ಯಪ್ ಕೇಳುವುದಿಲ್ಲ. ‘ಸತತ ಮೂವತ್ತು ದಿನ ಧ್ಯಾನ ಮಾಡಿದಿರಿ’ ಎಂದು ಅಭಿನಂದಿಸಿ, ಅದನ್ನು ಗೆಳೆಯರೊಡನೆ ಹಂಚಿಕೊಳ್ಳಿ ಎನ್ನುತ್ತದೆ. ಹಿಂದಿನ ಬಾಗಿಲಿನಿಂದ ಹೋದ ‘ನಾನು’ ಮುಂದಿನ ಬಾಗಿಲಿನಿಂದ ಪ್ರಶಸ್ತಿಪತ್ರ ಹಿಡಿದು ಒಳಗೆ ಬಂತು. ನಮ್ಮ ಸೂಫಿಗಳು ‘ವಕ್ತ್’ ಎಂಬ ಒಂದೇ ಪದದ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. 1072ರಲ್ಲಿ ತೀರಿಕೊಂಡ ಇಮಾಮ್ ಕುಶೈರಿಯವರ ‘ರಿಸಾಲಾ’ದಲ್ಲಿ ಅದರ ವಿವರಣೆಯಿದೆ. ಸೂಫಿಯನ್ನು ‘ಇಬ್ನುಲ್ ವಕ್ತ್’, ಗಳಿಗೆಯ ಮಗ ಎನ್ನುತ್ತಿದ್ದರು. ಅದರ ಅರ್ಥ ಆರಾಮವಾಗಿರುವವನು ಎಂದಲ್ಲ. ಈ ಗಳಿಗೆಯಲ್ಲಿ ಅಲ್ಲಾಹನು ತನ್ನಿಂದ ಕೇಳುತ್ತಿರುವ ಕರ್ತವ್ಯ ಯಾವುದೋ ಅದರಲ್ಲಿ ಪೂರ್ತಿ ಇರುವವನು. ತಾಯಿ ಕರೆದರೆ ಆ ಗಳಿಗೆಯ ವಕ್ತ್ ತಾಯಿಯದು. ಮೆಣಸಿನಕಾಯಿ ಹೊಲದಲ್ಲಿ ಕೂಲಿಯವರು ಸಂಜೆ ಕೈಚಾಚಿ ನಿಂತಾಗ ಆ ಗಳಿಗೆಯ ವಕ್ತ್ ಅವರ ಕೂಲಿ ಕೊಡುವುದು, ತಸ್ಬೀಹ್ ಎಣಿಸುವುದಲ್ಲ.

ನಮ್ಮ ಕರ್ನಾಟಕದ ನೆಲದಲ್ಲೇ ಮಲಗಿರುವ ಒಬ್ಬ ಬುಜುರ್ಗರ ಹೆಸರಿನಲ್ಲಿ ಈ ಪಾಠವಿದೆ. ಕಲಬುರಗಿಯ ಖ್ವಾಜಾ ಬಂದೇನವಾಝರು ಸಯ್ಯದ್ ಮುಹಮ್ಮದ್ ಹುಸೈನಿ. 1422ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ‘ಗೇಸೂದರಾಝ್’, ನೀಳಕೇಶಿ ಎಂಬ ಹೆಸರು ಅವರಿಗೆ ಬಂದ ಬಗೆಯನ್ನು ಪರಂಪರೆ ಹೀಗೆ ಹೇಳುತ್ತದೆ: ಗುರುಗಳಾದ ದೆಹಲಿಯ ನಸೀರುದ್ದೀನ್ ಚಿರಾಗರ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಅವರ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ನಿಂತರೆ ಗುರುವಿನ ಪಯಣ ನಿಲ್ಲುತ್ತದೆ; ನೋವನ್ನು ನುಂಗಿ ಹಾಗೆಯೇ ನಡೆದರು. ಹೊತ್ತವನಿಗೆ ಹೊರುವುದರ ಹೊರತು ಬೇರೇನೂ ನೆನಪಿರಲಿಲ್ಲ. ಇಂದು ಅವರ ಉರುಸಿಗೆ ಹೋಗುವ ನಮ್ಮ ಹುಡುಗರು ಜನಸಂದಣಿಯ ನಡುವೆ ಕೈಯೆತ್ತಿ ರೀಲ್ ಮಾಡುತ್ತಾರೆ. ಚಾದರ್ ಹೊತ್ತ ಕೈ ಒಂದು, ಮೊಬೈಲ್ ಹೊತ್ತ ಕೈ ಇನ್ನೊಂದು. ದರ್ಗಾಕ್ಕೆ ಹೋಗುವುದು ಸರಿಯೋ ಅಲ್ಲವೋ ಎಂದು ನಮ್ಮಲ್ಲಿ ಎರಡು ಬಣಗಳು ಜಗಳವಾಡುತ್ತಲೇ ಇವೆ. ಹೋಗಬಾರದು ಎನ್ನುವವರು ಕಾಬಾದ ಮುಂದೆ ಬೆನ್ನು ತಿರುಗಿಸಿ ನಿಂತು ಸೆಲ್ಫಿ ತೆಗೆದದ್ದನ್ನೂ ನೋಡಿದ್ದೇವೆ. ಈ ಒಂದು ವಿಷಯದಲ್ಲಿ ಎರಡೂ ಬಣಗಳಿಗೆ ಪೂರ್ಣ ಒಮ್ಮತ!

ವಿದ್ವಾಂಸರಿಗೆ ಇದರಿಂದ ವಿನಾಯಿತಿ ಇದೆಯೆಂದು ಭಾವಿಸಬೇಡಿ. ಅಂತ್ಯದಿನದಲ್ಲಿ ಮೊದಲು ವಿಚಾರಣೆಗೊಳಗಾಗುವ ಮೂವರ ಬಗ್ಗೆ ಮುಸ್ಲಿಮ್ ಗ್ರಂಥದಲ್ಲಿರುವ ಹದೀಸನ್ನು ಕೇಳಿದಾಗ ನಡುಗದಿರುವುದು ಹೇಗೆ? ಅವರಲ್ಲಿ ಕಳ್ಳನಿಲ್ಲ, ಕುಡುಕನಿಲ್ಲ. ಒಬ್ಬ ಹೋರಾಡಿ ಪ್ರಾಣಕೊಟ್ಟವನು, ಒಬ್ಬ ಕುರ್‌ಆನ್ ಕಲಿತು ಕಲಿಸಿದವನು, ಒಬ್ಬ ಕೈಬಿಚ್ಚಿ ದಾನ ಕೊಟ್ಟವನು. ವೀರ, ಆಲಿಮ್, ದಾನಿ ಎಂದು ಕರೆಸಿಕೊಳ್ಳಲು ಮಾಡಿದರು, ಹಾಗೆಯೇ ಕರೆಸಿಕೊಂಡರು, ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಇಮಾಮ್ ಗಝ್ಝಾಲಿಯವರು ಬಗ್ದಾದಿನ ನಿಝಾಮಿಯ್ಯಾದಲ್ಲಿ ಕೀರ್ತಿಯ ಶಿಖರದಲ್ಲಿದ್ದಾಗ ತಮ್ಮ ಬೋಧನೆಯ ಉದ್ದೇಶವನ್ನೇ ಪರೀಕ್ಷಿಸಿಕೊಂಡರು. ಅದರ ಹಿಂದೆ ಸ್ಥಾನ ಮತ್ತು ಹೆಸರಿನ ಆಸೆ ಕಂಡಿತು. ನಾಲಿಗೆ ಕಟ್ಟಿಹೋಗಿ ಪಾಠ ಹೇಳಲಾಗಲಿಲ್ಲ. 1095ರಲ್ಲಿ ಹುದ್ದೆ ಬಿಟ್ಟು ದಮಸ್ಕಸ್ಸಿನ ದಾರಿ ಹಿಡಿದರು. ಇದನ್ನು ‘ಅಲ್ ಮುನ್ಕಿಝ್’ನಲ್ಲಿ ಅವರೇ ಬರೆದಿದ್ದಾರೆ. ‘ಇಹ್ಯಾ’ದ ಮೂರನೆಯ ಭಾಗದಲ್ಲಿ ತೋರಿಕೆಗೆ ಒಂದು ಇಡೀ ಅಧ್ಯಾಯ, ಅಹಂಕಾರ ಮತ್ತು ಆತ್ಮಮೆಚ್ಚುಗೆಗೆ ಅದರ ಮರು ಅಧ್ಯಾಯ. ನಮ್ಮ ಜಲ್ಸಾಗಳಲ್ಲಿ ಗಝ್ಝಾಲಿಯವರನ್ನು ಉಲ್ಲೇಖಿಸುವವರು ಈ ಎರಡು ಅಧ್ಯಾಯಗಳನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಹಾಗಾದರೆ ರಿಯಾದ ಹೆದರಿಕೆಯಿಂದ ಒಳ್ಳೆಯ ಕೆಲಸವನ್ನೇ ಬಿಡಬೇಕೇ? ಖಂಡಿತ ಬೇಡ. ಜನರಿಗಾಗಿ ಮಾಡುವುದು ಹೇಗೆ ತಪ್ಪೋ ಜನರಿಗಾಗಿ ಬಿಡುವುದೂ ಹಾಗೆಯೇ ತಪ್ಪೆಂದು ಫುದೈಲ್ ಬಿನ್ ಇಯಾಝರು ಎಚ್ಚರಿಸಿದ್ದಾರೆ. ಎರಡರಲ್ಲೂ ಲಗಾಮು ಜನರ ಕ

ೈಯಲ್ಲೇ ಇದೆ. ಗುಪ್ತದಾನಿಗೂ ಒಂದು ಗುಂಡಿ ಕಾದಿದೆ. ‘ನಾನು ಹೆಸರು ಹಾಕಿಸಿಕೊಳ್ಳುವವನಲ್ಲ’ ಎಂದು ಹತ್ತು ಜನರಿಗೆ ಹೇಳಿಕೊಂಡು ತಿರುಗುವವರನ್ನು ನೀವೂ ಬಲ್ಲಿರಿ. ಅಣುವಿನಷ್ಟು ಕಿಬ್ರ್ ಇರುವವನು ಸ್ವರ್ಗ ಪ್ರವೇಶಿಸಲಾರನೆಂದು ಪ್ರವಾದಿವರ್ಯರು(ಸ) ಹೇಳಿದಾಗ, ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಇಷ್ಟಪಡುವುದೂ ಕಿಬ್ರ್ ಆಗುತ್ತದೆಯೇ ಎಂದು ಒಬ್ಬರು ಕೇಳಿದರು. ಇಲ್ಲವೆಂದರು. ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಕಿಬ್ರ್ ಎಂದು ವಿವರಿಸಿದರು. ಆದ್ದರಿಂದ ಒಳ್ಳೆಯ ಶೇರ್ವಾನಿ ತೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಹರಿದ ಕುರ್ತಾ ತೊಟ್ಟು ಶೇರ್ವಾನಿಯವನನ್ನು ಕೀಳಾಗಿ ನೋಡುವವನೂ ಅದೇ ಅಣುವನ್ನು ಹೊತ್ತಿದ್ದಾನೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮಸೀದಿ ಕಮಿಟಿಗಳಲ್ಲಿ ನನ್ನದೊಂದು ಕೋರಿಕೆಯಿದೆ, ಬೇಡಿಕೆ ಎಂದರೂ ಸರಿಯೇ. ರಮಝಾನಿಗೆ ಮುಂಚೆ, ಶಾಬಾನಿನಲ್ಲೇ ಕುಳಿತು ತೀರ್ಮಾನಿಸಿ: ಕಿಟ್ ತೆಗೆದುಕೊಳ್ಳುವ ಯಾರೊಬ್ಬರ ಚಿತ್ರವನ್ನೂ ತೆಗೆಯಕೂಡದು. ಜನರನ್ನು ಅಂಗಳಕ್ಕೆ ಕರೆಸಿ ಸಾಲು ನಿಲ್ಲಿಸುವ ಬದಲು ತರಾವೀಹ್ ಮುಗಿದ ಮೇಲೆ ಬೈಕು ಇರುವ ಹುಡುಗರು ಇಬ್ಬಿಬ್ಬರಾಗಿ ಹೋಗಿ ಬಾಗಿಲಲ್ಲಿ ಇಟ್ಟು ಬರಲಿ. ಪಟ್ಟಿ ಇಮಾಮರ ಬಳಿ ಮತ್ತು ಖಜಾಂಚಿಯ ಬಳಿ ಮಾತ್ರ ಇರಲಿ, ಲೆಕ್ಕ ಬೋರ್ಡಿನ ಮೇಲಿರಲಿ. ಮಸೀದಿಯ ಬಾಗಿಲಲ್ಲಿ ಚಪ್ಪಲಿಗೆ ಗೂಡುಗಳಿರುವಂತೆ ಮೊಬೈಲಿಗೂ ಒಂದು ಗೂಡು ಮಾಡಿಸಿ. ಇಪ್ಪತ್ತು ನಿಮಿಷ ಅದು ಅಲ್ಲಿದ್ದರೆ ಯಾರ ವ್ಯಾಪಾರವೂ ಮುಳುಗುವುದಿಲ್ಲ. ಮೊದಲ ಸಾಲಿನ ಆ ಖಾಲಿ ಮುಸಲ್ಲಾವನ್ನು ಮಡಚಿಡಿ, ಮೊದಲು ಬಂದವರು ಅಲ್ಲಿ ನಿಲ್ಲಲಿ. ಇನ್ನು ಫ್ಯಾನಿನ ರೆಕ್ಕೆಗಳ ಮೇಲಿನ ಹೆಸರುಗಳು. ಅವನ್ನು ಮುಚ್ಚಲು ಅರ್ಧ ಲೀಟರ್ ಬಿಳಿ ಬಣ್ಣ, ಒಂದು ಏಣಿ, ಒಬ್ಬ ಹುಡುಗನ ಅರ್ಧ ದಿನ ಸಾಕು. ಬಣ್ಣದ ಖರ್ಚನ್ನು ಯಾರಾದರೂ ಕೊಡುತ್ತಾರೆ. ಕೊಟ್ಟವರು ಯಾರೆಂದು ಗೋಡೆಯ ಮೇಲೆ ಬರೆಸುವುದು ಮಾತ್ರ ಬೇಡ.